ಹೈಬ್ರಿಡ್ ಯುದ್ಧ: ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೇಡಂ ಮೂಲಸೌಕರ್ಯ ಭದ್ರತೆಯಲ್ಲಿ ಕೆಲಸ ಮಾಡುವವರು. ಒಬ್ಬರಿಗೆ ಒಂದೇ ಪ್ರಶ್ನೆ.

ಹೊಸಬ: ಹೈಬ್ರಿಡ್ ಯುದ್ಧ ಅಂದರೆ ಸೈಬರ್ ದಾಳಿ ತಾನೇ?

ಮೇಡಂ: ಅದೂ ಒಂದು ಭಾಗ. ಸುಳ್ಳು ಸುದ್ದಿ ಹಬ್ಬಿಸುವುದು, ಸಮುದ್ರದಡಿಯ ಕೇಬಲ್ ತುಂಡು ಮಾಡುವುದು, ಗಡಿಗೆ ವಲಸಿಗರನ್ನು ತಳ್ಳುವುದು ಎಲ್ಲವೂ ಸೇರುತ್ತದೆ. ಯುದ್ಧ ಅಂತ ಯಾರೂ ಹೇಳಲಾಗದ ಹಾಗೆ ಮಾಡುತ್ತಾರೆ.

ಕಡಲಹಕ್ಕಿ: ಕೇಬಲ್ ಕತ್ತರಿಸಿದ ಹಡಗು ಸಿಕ್ಕರೂ ಶಿಕ್ಷೆ ಆಗುವುದಿಲ್ಲ, ಯಾಕೆ ಮೇಡಂ?

ಮೇಡಂ: ನನ್ನ ನಿದ್ದೆ ಕೆಡಿಸುವುದೇ ಇದು. 2024ರ ಡಿಸೆಂಬರ್ 25ರಂದು ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವಿನ ಎಸ್ಟ್‌ಲಿಂಕ್ 2 ವಿದ್ಯುತ್ ಕೇಬಲ್ ತುಂಡಾಯಿತು. ಜೊತೆಗೆ ಕೆಲವು ಟೆಲಿಕಾಂ ಕೇಬಲ್‌ಗಳೂ ಹೋದವು. ಈಗಲ್ ಎಸ್ ಎಂಬ ತೈಲ ಹಡಗು ಲಂಗರು ಎಳೆದುಕೊಂಡು ಹೋಗಿತ್ತು. ಫಿನ್ಲೆಂಡ್ ಆ ಹಡಗನ್ನು ತನ್ನ ಜಲಗಡಿಯೊಳಗೆ ಕರೆಸಿ, ಹೆಲಿಕಾಪ್ಟರ್‌ನಿಂದ ಸಿಬ್ಬಂದಿ ಇಳಿಸಿ ವಶಕ್ಕೆ ತೆಗೆದುಕೊಂಡಿತು. ಚುರುಕು ಕೆಲಸ. ಆದರೆ ಕೇಬಲ್ ತುಂಡಾದ ಜಾಗ ಫಿನ್ಲೆಂಡಿನ ಜಲಗಡಿಯ ಆಚೆ. ಹಡಗಿನ ಮೇಲೆ ಕುಕ್ ದ್ವೀಪಗಳ ಧ್ವಜ, ಅಂದರೆ ಅದರ ನೋಂದಣಿ ಅಲ್ಲಿನದು; ಜಲಗಡಿಯ ಆಚೆ ನಡೆದದ್ದಕ್ಕೆ ಸಾಮಾನ್ಯವಾಗಿ ಧ್ವಜದ ದೇಶವೇ ವಿಚಾರಣೆ ಮಾಡಬೇಕು. 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿ ಕೋರ್ಟು ವಿಚಾರಣೆಯ ಅಧಿಕಾರ ತನಗಿಲ್ಲ ಎಂದು ಕೇಸು ಕೈಬಿಟ್ಟಿತು. ಬೇಕಂತಲೇ ಮಾಡಿದ್ದಾ, ಅಚಾತುರ್ಯವಾ ಅನ್ನುವುದು ತೀರ್ಮಾನವೇ ಆಗಲಿಲ್ಲ. ನೇಟೋ 2025ರ ಜನವರಿಯಿಂದ ಬಾಲ್ಟಿಕ್ ಸಮುದ್ರದಲ್ಲಿ ಗಸ್ತು ಹೆಚ್ಚಿಸಿದೆ. ಗಸ್ತಿನಿಂದ ಇಂಥ ಹಡಗನ್ನು ಹಿಡಿಯಬಹುದು, ಕಾನೂನಿನ ತೂತು ಮುಚ್ಚಲಾಗದು. ಹಾಗಾಗಿ ಬದಲಿ ಕೇಬಲ್, ರಿಪೇರಿ ಹಡಗು, ಬೇರೆ ದಾರಿಯ ವಿದ್ಯುತ್ ಮೊದಲೇ ಸಿದ್ಧ ಇರಬೇಕು.

ರಾತ್ರಿಪಾಳಿ: ಮೇಡಂ, ಇದೆಲ್ಲಾ ಸೈಬರ್ ದಾಳಿಯೇ ಅಲ್ವಾ?

ಮೇಡಂ: ಮೇಲೆ ಓದಿ.

ಶುಭೋದಯ: ಫಾರ್ವರ್ಡ್ ಬಂದಿದೆ: "ರಾತ್ರಿ 12ಕ್ಕೆ ಫೋನ್ ಆಫ್ ಮಾಡಿದರೆ ಶತ್ರುದೇಶ ಹ್ಯಾಕ್ ಮಾಡಲಾರದು, ಹತ್ತು ಜನರಿಗೆ ಕಳಿಸಿ". ನಿಜಾನಾ?

ಮೇಡಂ: ಸುಳ್ಳು. ಅಳಿಸಿ. ಗಾಬರಿ ಹಬ್ಬಿಸುವುದೇ ಎದುರಾಳಿಯ ಕೆಲಸ, ನೀವು ಸುಮ್ನೆ ಮಾಡಿಕೊಡುತ್ತಿದ್ದೀರಿ. ಫೋನ್ ಅಪ್‌ಡೇಟ್ ಮಾಡಿ, ಸಾಕು.

ಮೂರನೇ ಕಣ್ಣು: ಸ್ವೀಡನ್ 2022ರಲ್ಲಿ ಮಾನಸಿಕ ರಕ್ಷಣೆಗೆ, ಅಂದರೆ ಸುಳ್ಳು ಪ್ರಚಾರದಿಂದ ಜನರನ್ನು ಕಾಯಲು, ಇಲಾಖೆ ತೆರೆಯಿತು. ಸತ್ಯ ಯಾವುದು ಅಂತ ಸರ್ಕಾರ ಹೇಳಿಕೊಡುವುದಾ?

ಕಡಲಹಕ್ಕಿ: ಅದು ನೋಡುವುದು ಹೊರದೇಶದ ಪ್ರಚಾರವನ್ನು. ಓದಿ ಮಾತಾಡಿ.

ಮೂರನೇ ಕಣ್ಣು: ಇವತ್ತು ಹೊರಗಿನದು, ನಾಳೆ ನಿಮ್ಮ ಪೋಸ್ಟು. ನೀವೇನು ಅವರ ವಕೀಲರಾ?

ಕಡಲಹಕ್ಕಿ: ನೀವು ಯಾರ ವಕೀಲರು ಅಂತ ಎಲ್ಲರಿಗೂ ಗೊತ್ತು.

ಹೊಸಬ: ತೈವಾನ್ ಕೇಬಲ್‌ಗಳ ಬಗ್ಗೆಯೂ ಹೇಳಿ ಮೇಡಂ.

ಅಡ್ಮಿನ್: ಕಡಲಹಕ್ಕಿ, ಮೂರನೇ ಕಣ್ಣು, ವೈಯಕ್ತಿಕ ಬೇಡ.

ಶುಭೋದಯ: ಫಾರ್ವರ್ಡ್ ಆಗಲೇ ಕಳಿಸಿಬಿಟ್ಟೆ, ಏನು ಮಾಡಲಿ?

ಮೇಡಂ: ಆ ಹತ್ತೂ ಜನರಿಗೆ ಸುಳ್ಳು ಅಂತ ಬರೆಯಿರಿ.

ಕಡತ: ಸರ್ಕಾರದ ಸರ್ವರ್‌ಗಳೇ ನಾಶವಾದರೆ?

ಮೇಡಂ: 2007ರ ಸೈಬರ್ ದಾಳಿಯಲ್ಲಿ ಎಸ್ಟೋನಿಯಾದ ಬ್ಯಾಂಕು, ಪತ್ರಿಕೆ, ಸರ್ಕಾರಿ ತಾಣಗಳು ಕುಸಿದವು. ಈಗ ಮುಖ್ಯ ದಾಖಲೆಗಳ ಪ್ರತಿ ಲಕ್ಸೆಂಬರ್ಗ್‌ನಲ್ಲಿದೆ. ದೇಶವೇ ಕೈತಪ್ಪಿದರೂ ಯಾವ ಜಮೀನು ಯಾರದ್ದು ಅನ್ನುವುದು ಅಳಿಸುವುದಿಲ್ಲ. ಇಂಥ ಪ್ರಶ್ನೆ ಇದ್ದರೆ ಕೇಳಿ. ಜಗಳಕ್ಕೆ ನಾನಿಲ್ಲ.