ಸಹಾಯ ಬೇಕು: ಎಕ್ಸ್‌ಆರ್‌ಪಿ ಲೆಡ್ಜರ್‌ಗೆ ಒಟ್ಟಿಗೆ ಎರಡು ಪೇಮೆಂಟ್ ಕಳಿಸಿದರೆ ಒಂದು ಫೇಲ್

ನಮಸ್ಕಾರ. ನಾನು ಸುರತ್ಕಲ್‌ನಲ್ಲಿದ್ದೇನೆ. ಕೊನೆ ವರ್ಷದ ಪ್ರಾಜೆಕ್ಟ್‌ಗೆ ಕ್ಯಾಂಟೀನ್ ಟೋಕನ್ ಆ್ಯಪ್ ಮಾಡುತ್ತಿದ್ದೇನೆ. ಗೋಳಿಬಜೆ, ಬನ್ಸ್ ತಗೊಂಡವರ ವಾಲೆಟ್‌ಗೆ ಸ್ವಲ್ಪ ಕ್ಯಾಶ್‌ಬ್ಯಾಕ್ ಹೋಗಬೇಕು. ಬಳಸುತ್ತಿರುವುದು ಎಕ್ಸ್‌ಆರ್‌ಪಿ ಲೆಡ್ಜರ್, ಅಂದರೆ ಎಕ್ಸ್‌ಆರ್‌ಪಿ ಎಂಬ ಕ್ರಿಪ್ಟೋ ನಾಣ್ಯದ ಬ್ಲಾಕ್‌ಚೈನ್. ಎಲ್ಲವೂ ಟೆಸ್ಟ್‌ನೆಟ್‌ನಲ್ಲೇ (ಪ್ರಯೋಗಕ್ಕೆಂದೇ ಇರುವ ನೆಟ್‌ವರ್ಕ್), ನಿಜವಾದ ದುಡ್ಡಲ್ಲ. ಹಾಗಾಗಿ ಕ್ರಿಪ್ಟೋ ಒಳ್ಳೆಯದಾ ಕೆಟ್ಟದ್ದಾ ಅನ್ನುವ ಚರ್ಚೆ ಇಲ್ಲಿ ಬೇಡ ಮಾರಾಯ್ರೆ.

ಎಕ್ಸ್‌ಆರ್‌ಪಿಎಲ್ ಡಾಟ್ ಜೆಎಸ್ ಲೈಬ್ರರಿ ಬಳಸುತ್ತಿದ್ದೇನೆ. ವೆಬ್‌ಸಾಕೆಟ್ ಕನೆಕ್ಟ್ ಆಗುತ್ತದೆ, ಬ್ಯಾಲೆನ್ಸ್ ಬರುತ್ತದೆ. (ಮೊದಲು ಅಮೌಂಟ್‌ನಲ್ಲಿ ಸುಮ್ನೆ "5" ಅಂತ ಬರೆದಿದ್ದೆ. ಹೋದದ್ದು 5 ಡ್ರಾಪ್! ಒಂದು ಎಕ್ಸ್‌ಆರ್‌ಪಿ ಅಂದರೆ 10 ಲಕ್ಷ ಡ್ರಾಪ್ ಅಂತ ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಯಿತು.)

ಈಗಿನ ತೊಂದರೆ ಬೇರೆ. ಸರ್ವರ್‌ನಲ್ಲಿರುವುದು ಒಂದೇ ವಾಲೆಟ್. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಒಬ್ಬರಿಗೆ ಹೋಗುತ್ತದೆ, ಇನ್ನೊಬ್ಬರದ್ದು "ಟೆಫ್ ಪಾಸ್ಟ್ ಸೀಕ್ವೆನ್ಸ್" ಎರರ್. ಲಾಗ್ ನೋಡಿದರೆ ಎರಡಕ್ಕೂ ಒಂದೇ ಸೀಕ್ವೆನ್ಸ್ ನಂಬರ್ (ಒಂದು ಖಾತೆಯಿಂದ ಹೋಗುವ ಪ್ರತಿ ವಹಿವಾಟಿನ ಕ್ರಮಸಂಖ್ಯೆ). ಆ ನಂಬರನ್ನು ತಾನೇ ತುಂಬುವ ಲೈಬ್ರರಿಯ ಆಟೋಫಿಲ್ ಇಬ್ಬರಿಗೂ ಅದೇ ನಂಬರ್ ಕೊಟ್ಟಿದೆ, ಅಲ್ವಾ?

ಒಂದು ಮುಗಿದ ಮೇಲೆ ಇನ್ನೊಂದು ಕಳಿಸಿದರೆ ಸರಿಯಾಗುತ್ತದೆ. ಆದರೆ ಲೆಡ್ಜರ್ ಮುಚ್ಚಲು (ಪೇಮೆಂಟ್ ಖಚಿತವಾಗಲು) ಪ್ರತಿ ಸಲ 3ರಿಂದ 5 ಸೆಕೆಂಡ್ ಬೇಕು. ಮಧ್ಯಾಹ್ನ ಊಟದ ಹೊತ್ತಿಗೆ 20 ಜನ ಸಾಲಿನಲ್ಲಿದ್ದರೆ ಕೊನೆಯವನು ಬೈಯದೆ ಇರುತ್ತಾನಾ?

ಸೀಕ್ವೆನ್ಸ್ ನಂಬರನ್ನು ನಾನೇ ಎಣಿಸಿಕೊಂಡು ಹೋಗಲಾ, ಅಥವಾ ಮೊದಲೇ ಟಿಕೆಟ್ (ಯಾವ ಕ್ರಮದಲ್ಲಾದರೂ ಬಳಸಬಹುದಾದ, ಕಾದಿರಿಸಿದ ಸೀಕ್ವೆನ್ಸ್ ನಂಬರ್) ಮಾಡಿಟ್ಟುಕೊಳ್ಳಲಾ? ಒಂದು ಖಾತೆಗೆ 250 ಟಿಕೆಟ್ ತನಕ ಇಟ್ಟುಕೊಳ್ಳಬಹುದು ಅಂತ ಓದಿದೆ. ನಾನೇ ಎಣಿಸಿದರೆ ಇನ್ನೊಂದು ಹೆದರಿಕೆ: ಇಲ್ಲಿ ಮಳೆಗೆ ಕರೆಂಟ್ ಹೋಗುವುದು ಜಾಸ್ತಿ, ನಡುವೆ ಒಂದು ನಂಬರ್ ತಪ್ಪಿದರೆ ಅದರ ನಂತರದವೆಲ್ಲ ಕಾಯುತ್ತಾ ಕೂರುತ್ತವೆ.

ಟಿಕೆಟ್ ಬಳಸಿದವರು ಯಾರಾದರೂ ಇದ್ದರೆ ನಾಲ್ಕು ಸಾಲು ಕೋಡ್ ಹಾಕಿ. ಸೋಮವಾರ ಗೈಡ್‌ಗೆ ತೋರಿಸಬೇಕು.