ಪಿಕಪ್‌ನ ಮುಂದಿನ ಎಡ ವೀಲ್ ಬ್ರೇಕ್ ಹಿಡಿದುಕೊಳ್ಳುತ್ತಿದೆ: ಕ್ಯಾಲಿಪರ್ ಪೂರ್ತಿ ಬದಲಿಸಬೇಕಾ, ರಬ್ಬರ್ ಸೀಲ್ ಕಿಟ್ ಹಾಕಿದರೆ ಸಾಕಾ?

ಲೋಡ್‌ಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನ ಪಿಕಪ್ ದಿನಾ ಲೋಡ್ ಹೊತ್ತು ಓಡುವ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಈಚೆಗೆ ಮುಂದಿನ ಎಡ ವೀಲ್ ತುಂಬಾ ಬಿಸಿಯಾಗುತ್ತಿದೆ, ಸ್ವಲ್ಪ ದೂರ ಹೋಗಿ ನಿಲ್ಲಿಸಿದರೂ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಬಿಟ್ಟ ಮೇಲೂ ಗಾಡಿ ಎಡಕ್ಕೆ ಎಳೆಯುತ್ತದೆ. ವೀಲ್ ಬಿಚ್ಚಿ ನೋಡಿದೆ. ಒಳಗಿನ ಪ್ಯಾಡ್ ಹೆಚ್ಚುಕಡಿಮೆ ಕಬ್ಬಿಣದ ಪ್ಲೇಟ್‌ವರೆಗೂ ಸವೆದಿದೆ, ಹೊರಗಿನದು ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಬಲಗಡೆ ಎರಡೂ ಸಮವಾಗಿವೆ. ಗ್ಯಾರೇಜ್‌ನಲ್ಲಿ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಹೋಗಿದೆ, ಹೊಸದು ಹಾಕಿ ಅಂದರು, ಆದರೆ ಏನನ್ನೂ ಬಿಚ್ಚಿ ನೋಡಿ ಹೇಳಿದ್ದಲ್ಲ. ಸ್ಪ್ಯಾನರ್ ಹಿಡಿದು ಕೆಲಸ ಮಾಡುವ ಅಭ್ಯಾಸ ನನಗಿದೆ, ಪ್ಯಾಡ್ ಬದಲಿಸುವುದು ಗೊತ್ತು. ಕ್ಯಾಲಿಪರ್ ಒಳಗೆ ಮಾತ್ರ ಕೈ ಹಾಕಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಸ್ಪ್ಯಾನರ್:

ಅಣ್ಣಾ, ಏನನ್ನೂ ಕೊಳ್ಳಬೇಡಿ, ಮೊದಲು ಯಾವ ಭಾಗ ಕೆಟ್ಟಿದೆ ಅಂತ ಪತ್ತೆ ಮಾಡಿ. ಆ ಸವೆದ ಪ್ಯಾಡ್‌ಗಳನ್ನು ಎಸೆಯಬೇಡಿ, ಅರ್ಧ ಉತ್ತರ ಅವುಗಳಲ್ಲೇ ಇದೆ.

ನಿಮ್ಮದು ಜಾರುವ ಕ್ಯಾಲಿಪರ್ ಇರಬೇಕು, ಅಂದರೆ ಪಿಸ್ಟನ್ ಒಂದೇ ಕಡೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ, ಆಗ ಕ್ಯಾಲಿಪರ್‌ನ ಮೈಯೇ ಎರಡು ಪಿನ್‌ಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಜಾಮ್ ಆದರೆ ಆ ಎಳೆತವೇ ಇಲ್ಲ, ಒಳಗಿನ ಪ್ಯಾಡ್ ಒಂದೇ ದುಡಿದು ಸವೆಯುತ್ತದೆ. ಪಿಸ್ಟನ್ ಹಿಂದಕ್ಕೆ ಹೋಗದೆ ಸಿಕ್ಕಿಕೊಂಡರೂ ಒಳಗಿನದೇ ಸವೆಯುತ್ತದೆ. ಹಾಗಾಗಿ ಎರಡನ್ನೂ ಕೈಯಿಂದಲೇ ಪರೀಕ್ಷಿಸಬೇಕು. ಪ್ಯಾಡ್ ಒಂದು ತುದಿಯಲ್ಲಿ ತೆಳು, ಇನ್ನೊಂದು ತುದಿಯಲ್ಲಿ ದಪ್ಪ ಇದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದಿದೆ ಅಂತ ಅನುಮಾನಪಡಿ.

ಅದಕ್ಕೂ ಮೊದಲು ಇನ್ನೊಂದು ಕೆಲಸ. ಹಿಂದಿನ ವೀಲ್‌ಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಒಬ್ಬರು ಬ್ರೇಕ್ ಒತ್ತಿ ಬಿಡಲಿ, ನೀವು ವೀಲ್ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕ್ಯಾಲಿಪರ್‌ನ ಏರ್ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲ ಮಾಡಿ. ಬ್ರೇಕ್ ಆಯಿಲ್ ಚಿಮ್ಮಿ ವೀಲ್ ತಕ್ಷಣ ಸಲೀಸಾಗಿ ತಿರುಗಿದರೆ ಒತ್ತಡ ಒಳಗೇ ಉಳಿದಿದೆ ಅಂತ ಅರ್ಥ, ಕ್ಯಾಲಿಪರ್ ನಿರಪರಾಧಿ. ಇಂಥ ಕಡೆ ರಬ್ಬರ್ ಹೋಸ್‌ ಮೇಲೆ ಅನುಮಾನ ಇಡಬೇಕು, ಹೊರಗಿನಿಂದ ಚೆನ್ನಾಗಿ ಕಾಣುವ ಹೋಸ್ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಖಚಿತ ಮಾಡಿಕೊಳ್ಳಲು ಮತ್ತೆ ಬ್ರೇಕ್ ಒತ್ತಿ ಹಿಡಿಯುವ ಹಾಗೆ ಮಾಡಿ, ಈ ಸಲ ಹೋಸ್ ಮತ್ತು ಕಬ್ಬಿಣದ ಪೈಪ್ ಸೇರುವ ಜಾಗದಲ್ಲಿ ಸಡಿಲ ಮಾಡಿ. ಅಲ್ಲಿ ಬಿಟ್ಟರೂ ವೀಲ್ ಬಿಗಿಯೇ ಇದ್ದರೆ ಹೋಸ್ ಬದಲಿಸಿ. ನಿಪ್ಪಲ್ ಬಿಟ್ಟಾಗಲೂ ವೀಲ್ ತಿರುಗದೆ ಇದ್ದರೆ ಮಾತ್ರ ಪಿನ್ ಅಥವಾ ಪಿಸ್ಟನ್ ಕಡೆಗೆ ಬನ್ನಿ. ಇಷ್ಟು ನೋಡದೆ ಹೊಸ ಕ್ಯಾಲಿಪರ್ ಹಾಕಿ, ಒಂದು ತಿಂಗಳಲ್ಲಿ ಅದೇ ಸುಟ್ಟ ವಾಸನೆ ಅಂತ ಬಂದ ಗಾಡಿಗಳನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಲೋಡ್‌ಗಾಡಿ:

ಅಣ್ಣಾ, ಹೇಳಿದ ಹಾಗೆ ಮಾಡಿದೆ. ನಿಪ್ಪಲ್ ಬಿಟ್ಟರೂ ವೀಲ್ ಬಿಗಿಯೇ ಇತ್ತು. ಕ್ಯಾಲಿಪರ್ ಇಳಿಸಿ, ಹೋಸ್ ಮೇಲೆ ಭಾರ ಬೀಳದ ಹಾಗೆ ತಂತಿಯಿಂದ ಕಟ್ಟಿದ್ದೇನೆ. ಮೇಲಿನ ಪಿನ್ ಸಲೀಸು. ಕೆಳಗಿನದರ ರಬ್ಬರ್ ಬೂಟ್ ಹರಿದು, ಪಿನ್ ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ. ಪಿಸ್ಟನ್ ಕೂಡ ಕ್ಲಾಂಪ್ ಹಾಕಿ ಒತ್ತಿದರೆ ಬಹಳ ಕಷ್ಟಪಟ್ಟು ಹೋಗುತ್ತಿದೆ, ಅದರ ಬೂಟ್ ಅಂಚಿನಲ್ಲೂ ಒದ್ದೆ ಇದೆ. ಈಗ? ಪಿನ್‌ಗೆ ವೀಲ್ ಬೇರಿಂಗ್ ಗ್ರೀಸ್ ಹಾಕಬಹುದಾ?

ರಬ್ಬರ್‌ಸೀಲ್:

ಬೇರಿಂಗ್ ಗ್ರೀಸ್ ಬೇಡವೇ ಬೇಡ. ಬ್ರೇಕ್‌ನ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಇವತ್ತು ಸಲೀಸಾಗಿ ಜಾರಿದ ಪಿನ್ ಊದಿದ ಬೂಟ್ ಒಳಗೆ ಮತ್ತೆ ಹಿಡಿಯುತ್ತದೆ. ಬ್ರೇಕ್ ಪಿನ್‌ಗೆ ಅಂತಲೇ ಸಿಗುವ ಸಿಲಿಕೋನ್ ಗ್ರೀಸ್ ಹಾಕಿ, ತೆಳುವಾಗಿ. ಜಾಸ್ತಿ ತುಂಬಿದರೆ ತೂತಿನೊಳಗೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಗೆ ತಳ್ಳಿಕೊಳ್ಳುತ್ತದೆ. ತೊಳೆಯಲು ಡೀಸೆಲ್, ಸೀಮೆಎಣ್ಣೆ ಕೂಡ ಬೇಡ, ಬ್ರೇಕ್ ಕ್ಲೀನರ್ ಸ್ಪ್ರೇ ಸಾಕು.

ತುಕ್ಕು ಹಿಡಿದ ಪಿನ್ ಉಜ್ಜಿ ವಾಪಸ್ ಹಾಕುವ ಆಸೆ ಬಿಡಿ. ಪಿನ್ ಮತ್ತು ಬೂಟ್ ಸೆಟ್ ಬೇರೆಯೇ ಸಿಗುತ್ತದೆ. ತೂತನ್ನು ಚೆನ್ನಾಗಿ ಶುಚಿ ಮಾಡಿ, ಹೊಸ ಪಿನ್ ಕೈಯಿಂದಲೇ ಜಾರಬೇಕು. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ಎರಡು ಪಿನ್ ಒಂದೇ ಥರ ಇರುವುದಿಲ್ಲ, ಒಂದರ ತುದಿಯಲ್ಲಿ ರಬ್ಬರ್ ಬುಷ್ ಇರುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ.

ಪಿಸ್ಟನ್ ಬಿಗಿ ಅಂದಿರಿ, ಮೇಲಾಗಿ ಒದ್ದೆ ಅಂದಿರಿ. ಅದು ಆಯಿಲೇ ಆಗಿದ್ದರೆ ಸೀಲ್ ಹೋಗಿದೆ, ಹಾಗೇ ಓಡಿಸಬೇಡಿ. ಕ್ಯಾಲಿಪರ್ ಒಳಗಿನ ಆ ಚೌಕ ಅಂಚಿನ ಸೀಲ್ ಎರಡು ಕೆಲಸ ಮಾಡುತ್ತದೆ. ಆಯಿಲ್ ತಡೆಯುವುದು ಒಂದು. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಂಡು, ಬಿಟ್ಟಾಗ ನೇರವಾಗುತ್ತಾ ಪಿಸ್ಟನ್‌ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಇನ್ನೊಂದು. ಸೀಲ್ ಗಟ್ಟಿಯಾದರೆ ಈ ಎಳೆತ ಹೋಯಿತು, ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ.

ಹೋಸ್ ಬಿಚ್ಚುವ ಮೊದಲೇ ಪಿಸ್ಟನ್ ಹೊರಗೆ ತನ್ನಿ. ಪ್ಯಾಡ್ ಜಾಗದಲ್ಲಿ ಮರದ ತುಂಡು ಇಟ್ಟು, ಬ್ರೇಕ್ ಪೆಡಲ್ ನಿಧಾನವಾಗಿ ಒತ್ತಿಸಿ, ಕೆಳಗೆ ಟ್ರೇ ಇಡಿ. ಏರ್ ಗನ್ ಹಿಡಿದು ಪಿಸ್ಟನ್ ಹಾರಿಸುವುದು ಅಪಾಯ. ಪಿಸ್ಟನ್ ಮುಂದೆ ಬೆರಳು ಇಟ್ಟವರ ಬೆರಳು ಜಜ್ಜಿ ಹೋಗುತ್ತದೆ.

ಬಂದ ಮೇಲೆ ಪಿಸ್ಟನ್ ಮೈಯನ್ನು ಉಗುರಿನಿಂದ ಸವರಿ. ಸೀಲ್ ಕೂರುವುದು ಕ್ಯಾಲಿಪರ್‌ನ ಗ್ರೂವ್‌ನಲ್ಲಿ, ಉಜ್ಜಿಕೊಳ್ಳುವುದು ಪಿಸ್ಟನ್ ಮೈಗೆ. ಹಾಗಾಗಿ ಪಿಸ್ಟನ್ ಮೇಲೆ ಗುಳಿ ಬಿದ್ದಿದ್ದರೆ ಬರೀ ಸೀಲ್ ಹಾಕಿ ಪ್ರಯೋಜನವಿಲ್ಲ, ಪಿಸ್ಟನ್ ಕೂಡ ಹೊಸದೇ ಬೇಕು. ಗ್ರೂವ್ ಒಳಗೂ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ತುಕ್ಕು ಸೇರಿದರೆ ಸೀಲನ್ನು ಮೇಲಕ್ಕೆ ಒತ್ತಿ ಪಿಸ್ಟನ್ ಹಿಡಿಯುವ ಹಾಗೆ ಮಾಡುತ್ತದೆ. ತುಕ್ಕು ತೆಗೆದ ಮೇಲೆ ಗುಳಿ ಉಳಿದರೆ ಪೂರ್ತಿ ಕ್ಯಾಲಿಪರ್ ಬದಲಿಸಿ, ಇಲ್ಲದಿದ್ದರೆ ಕಿಟ್ ಧಾರಾಳವಾಗಿ ಸಾಕು. ಹೊಸ ಸೀಲ್‌ಗೆ ಹೊಸ ಬ್ರೇಕ್ ಆಯಿಲ್ ಹಚ್ಚಿ ಕೂರಿಸಿ, ಪಿಸ್ಟನ್ ಕೈಯಿಂದ ನೇರವಾಗಿ ತಳ್ಳಿ.

ಇಳಿಜಾರು:

ಇಬ್ಬರೂ ಸರಿಯಾಗಿ ಹೇಳಿದ್ದಾರೆ, ಆದರೆ ಕಿಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದಿನಾ ಲೋಡ್ ಹೊರುವ ಗಾಡಿ, ಪಿನ್ ತೂತಿನಲ್ಲೂ ತುಕ್ಕು, ಪಿಸ್ಟನ್ ಕೂಡ ಬಿಗಿ ಅಂದರೆ ನಾನು ಬ್ರಾಕೆಟ್ (ಪಿನ್‌ಗಳು ಕೂರುವ ಚೌಕಟ್ಟು) ಸಮೇತ ಹೊಸ ಕ್ಯಾಲಿಪರ್ ಹಾಕುತ್ತೇನೆ. ಕಿಟ್ ಕೆಲಸಕ್ಕೆ ಶುಚಿಯಾದ ಜಾಗ, ಸಮಯ, ತಾಳ್ಮೆ ಬೇಕು. ಅವು ಇದ್ದರೆ ಮಾತ್ರ ಕಿಟ್.

ಹೊಸದು ಹಾಕಿದರೆ ಎಡಗಡೆಯದನ್ನೇ ತನ್ನಿ. ಕೂರಿಸಿದ ಮೇಲೆ ಏರ್ ನಿಪ್ಪಲ್ ಮೇಲ್ಗಡೆ ಇರಬೇಕು. ಕೆಳಗೆ ಬಂದರೆ ಬಲಗಡೆಯದು ಕೊಟ್ಟಿದ್ದಾರೆ ಅಂತ ಅರ್ಥ, ಎಷ್ಟು ಪಂಪ್ ಮಾಡಿದರೂ ಗಾಳಿ ಪೂರ್ತಿ ಹೋಗುವುದಿಲ್ಲ. ಹೋಸ್ ಬೋಲ್ಟ್‌ನ ಎರಡು ಕಾಪರ್ ವಾಷರ್ ಹೊಸದೇ ಆಗಿರಲಿ. ಬೋಲ್ಟ್‌ಗಳ ಟಾರ್ಕ್ ಮ್ಯಾನುಯಲ್ ನೋಡಿಯೇ ಹಾಕಿ, ಅಂದಾಜು ಬೇಡ.

ಬ್ರೇಕ್ ಆಯಿಲ್ ಯಾವ ದರ್ಜೆಯದು ಅಂತ ಅದರ ಟ್ಯಾಂಕ್ ಮುಚ್ಚಳದ ಮೇಲೆ ಬರೆದಿರುತ್ತದೆ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿ. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಡಬ್ಬಿ ತೆರೆದು ಬಹಳ ದಿನ ಇಟ್ಟ ಆಯಿಲ್ ಬೇಡ, ಗಾಳಿಯ ತೇವ ಹೀರಿಕೊಂಡಿರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ನೀರು ಸೇರಿದ ಮೇಲಿನ ಮಿತಿ 155 ಅಷ್ಟೇ. ಲೋಡ್ ಹೊತ್ತು ಉದ್ದದ ಇಳಿಜಾರು ಇಳಿಯುವಾಗ ಈ ವ್ಯತ್ಯಾಸ ಜೀವಕ್ಕೇ ಬರುತ್ತದೆ, ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಏರ್ ತೆಗೆಯುವಾಗ ಪೆಡಲ್ ಒತ್ತಿ ಹಿಡಿದಿರುವಾಗಲೇ ನಿಪ್ಪಲ್ ಮುಚ್ಚಬೇಕು, ಆಮೇಲೆ ಕಾಲು ಬಿಡಬೇಕು. ಟ್ಯಾಂಕ್ ಖಾಲಿಯಾಗಲು ಬಿಡಬೇಡಿ. ಗಾಡಿ ಹಳೆಯದಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ಪೆಡಲ್ ಪೂರ್ತಿ ಕೆಳಗೆ ಹೋದರೆ ಪೆಡಲ್ ಬಲಕ್ಕೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಯಾವತ್ತೂ ಓಡಾಡದ ತುಕ್ಕಿನ ಜಾಗಕ್ಕೆ ಹೋಗಿ ಹರಿಯಬಹುದು.

ಲೋಡ್‌ಗಾಡಿ:

ತುಂಬಾ ಥ್ಯಾಂಕ್ಸ್. ಬ್ರಾಕೆಟ್ ತೂತು ಒಳಗೆ ತಿಂದು ಹೋಗಿದೆ, ಹಾಗಾಗಿ ಬ್ರಾಕೆಟ್ ಸಮೇತ ಹೊಸದೇ ಹಾಕುತ್ತೇನೆ. ಬಲಗಡೆ ಚೆನ್ನಾಗಿದೆ ಅಲ್ವಾ, ಅದನ್ನು ಸುಮ್ನೆ ಬಿಡಬಹುದಾ?

ಹಳೇಸ್ಪ್ಯಾನರ್:

ಬಲಗಡೆ ಕ್ಯಾಲಿಪರ್ ಇರಲಿ, ಪ್ಯಾಡ್ ಮಾತ್ರ ಎರಡೂ ಕಡೆ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಮತ್ತೆ ಒಂದು ಕಡೆ ಎಳೆಯುತ್ತದೆ. ಆ ಕಡೆಯ ಪಿನ್‌ಗಳನ್ನೂ ಎಳೆದು ಒರೆಸಿ ಹೊಸ ಗ್ರೀಸ್ ಹಾಕಿ, ಬೂಟ್ ಬಿರುಕು ಬಿಟ್ಟಿದೆಯಾ ನೋಡಿ. ಎಡಗಡೆ ಡಿಸ್ಕ್ ಅಷ್ಟು ಕಾದಿದೆ, ಅದನ್ನೂ ಅಳೆಯಿರಿ, ಕನಿಷ್ಠ ದಪ್ಪ ಎಷ್ಟು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಮೊದಲ ಓಟ ಖಾಲಿ ಗಾಡಿಯಲ್ಲಿ, ಖಾಲಿ ರಸ್ತೆಯಲ್ಲಿ. ವಾಪಸ್ ಬಂದು ಎರಡೂ ವೀಲ್ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಶಾಖ ಎರಡೂ ಕಡೆ ಒಂದೇ ಥರ ಇದ್ದರೆ ಮಾತ್ರ ಲೋಡ್ ಹಾಕಿ.