ಸಹಾಯ ಬೇಕು: ಗಾಜಿನ ಪುಡಿ ಬೆರೆಸಿದ ಪೇವರ್ ಬ್ಲಾಕ್

ಗೋವಾದ ಕನ್ನಡ ಬಂಧುಗಳಿಗೆ ನಮಸ್ಕಾರ. ಫೋಂಡಾ ಬಳಿ ನನ್ನದೊಂದು ಸಣ್ಣ ಪೇವರ್ ಬ್ಲಾಕ್ (ಅಂಗಳ, ಕಾಲುದಾರಿಗೆ ಹಾಸುವ ಕಾಂಕ್ರೀಟ್ ಇಟ್ಟಿಗೆ) ಘಟಕವಿದೆ. ಕಲಂಗುಟ್, ಬಾಗಾ ಕಡೆ ಖಾಲಿ ಬಾಟಲಿಗಳ ರಾಶಿ ಕಂಡಾಗಲೆಲ್ಲ ಸಂಕಟವಾಗುತ್ತದೆ. ಅವನ್ನು ಪುಡಿ ಮಾಡಿ, ಸಿಮೆಂಟಿನ ಒಂದು ಪಾಲಿನ ಬದಲಿಗೆ ಬಳಸಬೇಕೆಂಬ ಹಂಬಲ ನನ್ನದು.

ಬಾಟಲಿ ಗಾಜಿನಲ್ಲಿ ಸುಮಾರು ಶೇ. 70ರಷ್ಟು ಸಿಲಿಕಾ ಇರುತ್ತದೆ. 75 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ನುಣ್ಣಗೆ ಅರೆದರೆ, ಸಿಮೆಂಟು ನೀರು ಕುಡಿದಾಗ ಹುಟ್ಟುವ ಸುಣ್ಣದೊಂದಿಗೆ ಸೇರಿ ಅದೂ ಗಟ್ಟಿ ಬಂಧಕವಾಗುತ್ತದೆ. ತರಿತರಿಯಾಗಿ ಉಳಿದರೆ ಅಪಾಯ: ಸಿಮೆಂಟಿನ ಕ್ಷಾರದೊಡನೆ ವರ್ತಿಸಿ, ತೇವ ಹೀರಿ ಉಬ್ಬಿ, ಬ್ಲಾಕ್ ಬಿರುಕು ಬಿಡಬಹುದು. ಇಲ್ಲಿನ ಮಳೆಗಾಲದಲ್ಲಿ ಅದನ್ನು ಹಗುರವಾಗಿ ಕಾಣುವಂತಿಲ್ಲ. ಬಾಟಲಿಯಲ್ಲಿ ಸಕ್ಕರೆಯ ಅಂಶ ಉಳಿದರೂ ಸಿಮೆಂಟು ಗಟ್ಟಿಯಾಗುವುದು ತಡವಾಗುತ್ತದೆ, ತೊಳೆಯಲೇಬೇಕು.

ಅಷ್ಟು ನುಣ್ಣಗೆ ಅರೆದುಕೊಡುವ ಬಾಲ್ ಮಿಲ್ ವೆರ್ಣಾ, ಕುಂಡೈ ಅಥವಾ ಬೆಳಗಾವಿ ಕಡೆ ಯಾರಲ್ಲಾದರೂ ಇದೆಯೇ? ಸಿಮೆಂಟಿನ ಶೇ. 10, 15, 20ರಷ್ಟರ ಬದಲಿಗೆ ಗಾಜಿನ ಪುಡಿ ಬೆರೆಸಿದ ಮಿಶ್ರಣಗಳ ಬಲವನ್ನು 28 ಮತ್ತು 90 ದಿನಗಳಿಗೆ ಪರೀಕ್ಷಿಸಿಕೊಡುವ ಪ್ರಯೋಗಾಲಯವೂ ಬೇಕು. ಗಾಜಿನ ಪುಡಿ ನಿಧಾನವಾಗಿ ಬಲ ಪಡೆಯುವುದರಿಂದ 7 ದಿನಗಳ ಫಲಿತಾಂಶವನ್ನಷ್ಟೇ ನೋಡಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಅರೆಯುವ ಖರ್ಚು ಸಿಮೆಂಟಿನ ಬೆಲೆಯನ್ನೇ ಮೀರುತ್ತದೆಯೇ ಎಂಬುದು ದೊಡ್ಡ ಚಿಂತೆ. ಸಿವಿಲ್ ಎಂಜಿನಿಯರುಗಳು, ಬ್ಲಾಕ್ ತಯಾರಕರು ದಯವಿಟ್ಟು ಇಲ್ಲೇ ಉತ್ತರಿಸಿ.